ಅಟ್ಟದ ಮೇಲಿನ ಗಾಳದ ನೂಲು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ಕುರುಡೆ ಮೀನು ಕಳೆದುಕೊಂಡೆ. ಮೀನಿನ ಜೊತೆ ಒಂದು ಲ್ಯೂರ್ (ಅದೇ, ಪ್ಲಾಸ್ಟಿಕ್ಕಿನ ಸುಳ್ಳು ಮೀನು), ಸುಮಾರು ಮೂವತ್ತು ಮೀಟರ್ ದಾರ, ಮತ್ತು ಬೆಂಗಳೂರಿನಿಂದ ಹೊತ್ತುಕೊಂಡು ಹೋಗಿದ್ದ ಜಂಬ... ಎಲ್ಲವೂ ಹೊನ್ನಾವರದ ಶರಾವತಿ ಅಳಿವೆಯ ಪಾಲಾದವು.

ಕುರುಡೆ ಅಂದರೆ ಗೊತ್ತಲ್ಲ? ಕೊಂಕಣಿಯವರ ಚೊಣಕ್. ಹೋಟೆಲ್ ಮೆನುವಿನಲ್ಲಿ ಸೀಬಾಸ್. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಇದಕ್ಕೆ ‘ಕಾಕಪ್’ ಅಂತ ಹೆಸರು, ಮಲಯ ಭಾಷೆಯ ‘ಕಕಾಪ್’ನಿಂದ ಬಂದದ್ದು. ಹೆಸರಿಗೆ ಕುರುಡೆ, ಆದರೆ ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಹೊಳೆಯಲ್ಲಿ ಬೆಳೆದು, ಮೊಟ್ಟೆ ಇಡಲು ಉಪ್ಪುನೀರಿಗೆ ಇಳಿಯುವ ಮೀನು. ಇನ್ನೂ ಒಂದು ವಿಚಿತ್ರ: ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತದೆ. ಹಾಗಾಗಿ ನನ್ನ ದಾರ ಹರಿದುಕೊಂಡು ಹೋದದ್ದು ದೊಡ್ಡದೇ ಆಗಿದ್ದರೆ ಅದು ಹೆಣ್ಣೇ ಇರಬೇಕು :-)

ಆದದ್ದು ಇಷ್ಟು. ಹಳೇ ಧಕ್ಕೆಯ ಹತ್ತಿರ ನಿಂತು ಲ್ಯೂರ್ ಎಸೆಯುತ್ತಿದ್ದೆ. ಎಂಟಡಿ ರಾಡ್, ಹೊಸ ರೀಲ್, ಅದರ ತುಂಬ ಇಪ್ಪತ್ತು ಪೌಂಡಿನ ಹಸಿರು ಬ್ರೇಡ್ ದಾರ. ಬ್ರೇಡ್ ಅಂದರೆ ಪಾಲಿಥೀನಿನ ಎಳೆಗಳನ್ನು ಜಡೆ ಹೆಣೆದು ಮಾಡಿದ ದಾರ. ಅದರ ತುದಿಗೆ ನೇರವಾಗಿ ಲ್ಯೂರ್ ಕಟ್ಟಿದ್ದೆ. ಮೀನು ಕಚ್ಚಿತು, ಒಮ್ಮೆ ನೀರಿನಿಂದ ಮೇಲೆ ಹಾರಿತು, ಧಕ್ಕೆಯ ಕಂಬಕ್ಕೆ ಒಂದು ಸುತ್ತು ಹಾಕಿತು. ಆಮೇಲೆ ನನ್ನ ಕೈಯಲ್ಲಿ ಹಗುರವಾದ ರಾಡ್ ಮಾತ್ರ ಉಳಿಯಿತು.

ಮನೆಗೆ ಬಂದು ರಾಡನ್ನು ಗೋಡೆಗೆ ಒರಗಿಸುವಷ್ಟರಲ್ಲಿ ಅಜ್ಜ, ಅಮ್ಮನ ಅಪ್ಪ, ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಇದು ಮೀನು ಹರದ್ದಲ್ಲ ತಮಾ. ಕಲ್ಲು ಹರದ್ದು.”

ತುದಿ ಕುಂಚದ ಹಾಗೆ ಬಿಚ್ಚಿಕೊಂಡಿದ್ದರೆ ಕಲ್ಲೋ ಸಿಂಪಿಯೋ ತಿಕ್ಕಿ ಸವೆಸಿದೆ ಅಂತ ಅರ್ಥ. ಕತ್ತಿಯಲ್ಲಿ ಕೊಯ್ದ ಹಾಗೆ ನೇರವಾಗಿದ್ದರೆ ಕುರುಡೆಯ ಕಿವಿರಿನ ಮುಚ್ಚಳದ ಕೆಲಸ, ಅದರ ಅಂಚು ಬ್ಲೇಡಿನಂತಿರುತ್ತದೆ. ತಂಗೂಸಿನ ತುದಿ ಸ್ಪ್ರಿಂಗಿನಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ, ತಪ್ಪು ಕಟ್ಟಿದವನದು. ನಾನು ಆಫೀಸಿನಲ್ಲಿ ದಿನವಿಡೀ ಲಾಗ್ ಫೈಲ್ ನೋಡಿ ಪ್ರೋಗ್ರಾಮ್ ಯಾಕೆ ಬಿತ್ತು ಅಂತ ಹುಡುಕುವವನು. ದಾರದ ತುದಿಯಲ್ಲೂ ಒಂದು ಲಾಗ್ ಇರುತ್ತದೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಅಜ್ಜ ನನ್ನನ್ನು ಅಟ್ಟ ಹತ್ತಿಸಿ ಒಂದು ಡಬ್ಬಿ ಇಳಿಸಿದ. ಒಳಗೆ ಮರದ ತುಂಡೊಂದಕ್ಕೆ ಸುತ್ತಿದ ಕಂದು ಬಣ್ಣದ ನೂಲು. ಸಾಧಾರಣ ಪೊಟ್ಟಣ ಕಟ್ಟುವ ದಾರಕ್ಕಿಂತ ದಪ್ಪ. ಮೂಸಿದರೆ ಈಗಲೂ ಚೊಗರು ವಾಸನೆ. ಅದು ಅಜ್ಜನ ಹುಡುಗುತನದ ಗಾಳದ ನೂಲು, ತಂಗೂಸು ಬರುವುದಕ್ಕೆ ಮುಂಚಿನದು. ಮೆಲ್ಲಗೆ ಎಳೆದೆ. ಪಟ್ ಅಂತ ಹರಿಯಿತು. ಅಜ್ಜ ಬೈಯಲಿಲ್ಲ. “ಒಣ ನೂಲು ಎಳೂದಲ್ಲ, ತೋಯ್ಸಿ ಎಳೀಬೇಕು” ಅಂದ. ಹತ್ತಿಯ ನೂಲು ಒದ್ದೆಯಾದಾಗ ಗಟ್ಟಿಯಾಗುತ್ತದೆ ಅನ್ನುವುದು ನಿಜವೇ. ಆದರೆ ಅರವತ್ತು ವರ್ಷ ಅಟ್ಟದಲ್ಲಿದ್ದ ನೂಲಿಗೆ ಯಾವ ನೀರು ತಾನೇ ಏನು ಮಾಡೀತು?

ಈ ನೂಲಿನ ಬಗ್ಗೆ ಸ್ವಲ್ಪ ಓದಿಕೊಂಡೆ. ನಮ್ಮ ಕಡೆ ಹತ್ತಿ ಅಂದ ತಕ್ಷಣ ನೆನಪಾಗಬೇಕಾದದ್ದು ಕುಮಟೆ. ಒಂದು ಕಾಲದಲ್ಲಿ ಮುಂಬಯಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಅಂತಲೇ ಒಂದು ತಳಿಗೆ ಹೆಸರಿತ್ತು. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಬೆಳೆಯುತ್ತಿರಲಿಲ್ಲ! ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು, ಹಡಗು ಹತ್ತಿದ ಊರಿನ ಹೆಸರೇ ಹತ್ತಿಗೆ ಅಂಟಿತು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಕುಮಟೆಗೆ ಸುಗ್ಗಿಯೋ ಸುಗ್ಗಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಾಯವೂ ಇತ್ತು. ಆಮೇಲೆ ರೈಲು ಮರ್ಮಗೋವಾಕ್ಕೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ಕುಮಟೆಯ ಬಂದರು ಸುಮ್ಮನಾಯಿತು.

ವ್ಯಾಪಾರಿಗಳ ಹತ್ತಿಗೆ ಇಷ್ಟೆಲ್ಲ ಚರಿತ್ರೆ ಇದೆ. ಅದೇ ಕಡಲತೀರದಲ್ಲಿ ಅಂಬಿಗರು, ಹರಿಕಂತ್ರರು, ಖಾರ್ವಿಗಳು, ಮೊಗೇರರು, ದಾಲ್ದಿಗಳು ನೀರಿಗೆ ಬಿಟ್ಟ ನೂಲಿನ ಬಗ್ಗೆ ಬರೆದವರು ಕಡಿಮೆ. ಬಲೆಗೆ ಸಣಬು, ಗಾಳಕ್ಕೆ ಹತ್ತಿ ಅಥವಾ ಸಣಬು. ತೊಡೆಯ ಮೇಲೆ ಹೊಸೆದು ಎಳೆ ಸೇರಿಸಿ ದಪ್ಪ ಮಾಡುವುದು. ಅಜ್ಜನ ಕಾಲಕ್ಕೆ ಗಿರಣಿ ನೂಲು ಪೇಟೆಯಲ್ಲಿ ಸಿಗುತ್ತಿತ್ತು, ಆದರೂ ಹೊಸೆಯುವುದು ಮನೆಯಲ್ಲೇ. ಅಜ್ಜನ ಅಮ್ಮ ಹೊಸೆದದ್ದರಲ್ಲಿ ಗಂಟೇ ಬರುತ್ತಿರಲಿಲ್ಲವಂತೆ.

ಹೊಸೆದರೆ ಮುಗಿಯಲಿಲ್ಲ. ಹತ್ತಿ, ಸಣಬು ಎರಡೂ ನೀರಿನಲ್ಲಿ ಕೊಳೆಯುವ ವಸ್ತು. ಕೊಳೆಯದಿರಲು ಚೊಗರು ತೊಗಟೆಯನ್ನು ಹಂಡೆಯಲ್ಲಿ ಕುದಿಸಿ ಆ ಕಷಾಯದಲ್ಲಿ ನೂಲನ್ನು ಅದ್ದಬೇಕು, ಒಣಗಿಸಬೇಕು, ಮತ್ತೆ ಅದ್ದಬೇಕು. ಕೆಲವು ವಾರಕ್ಕೊಮ್ಮೆ ಇದೇ ಕೆಲಸ. ಪ್ರತಿ ಸಲ ಹೊಳೆಯಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಹರವುವುದು ಬೇರೆ. ನಮ್ಮವರು ಮಾತ್ರ ಹೀಗೆ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಬೆಸ್ತರೂ ಬಲೆ, ಹಾಯಿ ಎಲ್ಲವನ್ನೂ ಹೀಗೇ ಕುದಿಸಿ ಅದ್ದುತ್ತಿದ್ದರು. ಅದಕ್ಕೆ ಅವರು ತರಿಸುತ್ತಿದ್ದದ್ದು ನಾವು ಎಲೆಯಡಿಕೆಗೆ ಹಾಕಿಕೊಳ್ಳುವ ಕಾಚು! ಬರ್ಮಾದಿಂದಲೂ ಭಾರತದಿಂದಲೂ ಕಾಚು ಹಡಗುಗಟ್ಟಲೆ ಹೋಗುತ್ತಿತ್ತು. ಬಾಯಿ ಕೆಂಪು ಮಾಡುವ ಚೊಗರೇ ಅಲ್ಲಿ ಬಲೆಯನ್ನು ಕಂದು ಮಾಡುತ್ತಿತ್ತು.

ಹವ್ಯಾಸಕ್ಕೆ ಗಾಳ ಹಾಕುವ ಸಾಹೇಬರದು ಬೇರೆಯೇ ದಾರ. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಅವನು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. ಅವನ ಪ್ರೀತಿ ಹೆಚ್ಚಾಗಿ ಮಹಶೀರ್ ಮೇಲೆ. ಆ ಕಾಲದ ಸಾಹೇಬರು ದಾರದ ತುದಿಯಲ್ಲಿ, ಗಾಳಕ್ಕೆ ತಾಗುವ ಕಡೆ, ‘ಗಟ್’ ಅನ್ನುವ ಪಾರದರ್ಶಕ ಎಳೆ ಕಟ್ಟುತ್ತಿದ್ದರು. ಗೂಡು ಕಟ್ಟಲು ತಯಾರಾದ ರೇಷ್ಮೆ ಹುಳವನ್ನು ವಿನೆಗರಿನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಎಳೆದರೆ ಒಂದೇ ಎಳೆಯ ಗಟ್ಟಿ ದಾರವಾಗುತ್ತದೆ. ಉದ್ದ ಒಂದಡಿ, ಹೆಚ್ಚೆಂದರೆ ಇನ್ನು ಸ್ವಲ್ಪ. ಅದಕ್ಕೇ ತುಂಡು ತುಂಡು ಗಂಟು ಹಾಕಿ ಉದ್ದ ಮಾಡಬೇಕಿತ್ತು. ಸ್ಪೇನಿನ ಮುರ್ಸಿಯಾ ಊರಿನಲ್ಲಿ ಇದೊಂದು ದೊಡ್ಡ ಕಸುಬೇ ಆಗಿತ್ತು. ಗಟ್ ಕೂಡ ಒಣಗಿದ್ದಾಗ ಕಡ್ಡಿಯ ಹಾಗೆ ಮುರಿಯುತ್ತದೆ, ನೆನೆಸಿಯೇ ಕಟ್ಟಬೇಕು. ಅಜ್ಜನ ಮಾತು ಸಾಹೇಬರಿಗೂ ಅನ್ವಯ.

ಇನ್ನು ತಂಗೂಸು. ಕರಾವಳಿಯಲ್ಲಿ ಅಂಗಡಿಗೆ ಹೋಗಿ ‘ನೈಲಾನ್ ಮಾನೋಫಿಲಮೆಂಟ್’ ಅಂದರೆ ನಗುತ್ತಾರೆ, ತಂಗೂಸು ಅಂದರೆ ಕೊಡುತ್ತಾರೆ. ಈ ಪದ ಎಲ್ಲಿಯದು? ತಮಿಳಿನಲ್ಲಿ ತಂಗೂಸಿ. ಮಲಯದಲ್ಲಿ ಗಾಳದ ದಾರಕ್ಕೆ ‘ತಂಗ್ಸಿ’. ಜಪಾನಿನಲ್ಲಿ ‘ತೆಗುಸು’, ಮತ್ತು ಆ ಜಪಾನಿ ಪದದ ಮೂಲ ಅರ್ಥ ಕಾಡು ರೇಷ್ಮೆ ಹುಳದ ಗ್ರಂಥಿಯಿಂದ ಎಳೆದ ದಾರ! ನಾನು ಭಾಷಾಶಾಸ್ತ್ರ ಓದಿದವನಲ್ಲ, ಓದಿದ್ದು ಇಂಜಿನಿಯರಿಂಗು. ಆದರೆ ಈ ನಾಲ್ಕನ್ನೂ ಸಾಲಾಗಿ ಹೇಳಿ ನೋಡಿ, ಕಿವಿ ತಾನಾಗಿಯೇ ಒಂದು ಊಹೆ ಮಾಡುತ್ತದೆ. ಬಲೆಯ ನೂಲನ್ನು ಅಳೆಯುವ ‘ಡೆನಿಯರ್’ ಕೂಡ ರೇಷ್ಮೆಯವರ ಅಳತೆಯೇ. 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ. ಬಲೆ ಅಂಗಡಿಯಲ್ಲಿ 210 ಡೆನಿಯರ್ ಅಂತ ಕೇಳುವವರು ಹಾಗೆ ನೋಡಿದರೆ ರೇಷ್ಮೆ ಹುಳದ ಲೆಕ್ಕದಲ್ಲೇ ನೈಲಾನ್ ಕೊಳ್ಳುತ್ತಿದ್ದಾರೆ.

ನೈಲಾನಿನ ಕತೆ ಬಹಳ ಜನಕ್ಕೆ ಗೊತ್ತು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ 1935ರಲ್ಲಿ ಮಾಡಿದ್ದು, 1938ರ ಅಕ್ಟೋಬರಿನಲ್ಲಿ ಜಗತ್ತಿಗೆ ತಿಳಿಸಿದ್ದು. ಅಷ್ಟರೊಳಗೆ ಕರೋದರ್ಸ್ ತೀರಿಕೊಂಡಿದ್ದ. ಮೊದಲು ಹಲ್ಲುಜ್ಜುವ ಬ್ರಷ್ಷಿನ ಎಳೆ, 1940ರಲ್ಲಿ ಹೆಂಗಸರ ಕಾಲುಚೀಲ, ಯುದ್ಧದಲ್ಲಿ ಪ್ಯಾರಾಚೂಟ್. ನಮ್ಮ ಕಡೆಗೆ ಬರಲು ಇನ್ನೂ ಎರಡು ದಶಕ ಹಿಡಿಯಿತು. 1953ರಲ್ಲಿ ಕೇರಳದ ನೀಂಡಕರದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ 1963ರಲ್ಲಿ ಕಾರವಾರಕ್ಕೆ ಬಂತು. ಇಂಜಿನ್ ದೋಣಿ, ಹೊಸ ಬಲೆ, ನೈಲಾನು ಎಲ್ಲ ಈ ತೀರದಲ್ಲಿ ಹರಡಿದ್ದು ಆ ದಶಕದಲ್ಲೇ. ಕೊಳೆಯದ, ಹಗುರ ನೂಲು ಇಲ್ಲದಿದ್ದರೆ 1970ರ ದಶಕದ ಪರ್ಸೀನ್ ಬಲೆಯೂ ಇರುತ್ತಿರಲಿಲ್ಲ, ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಅಷ್ಟು ಬೇಗ ಮೂಲೆ ಸೇರುತ್ತಲೂ ಇರಲಿಲ್ಲ. ಆ ಜಗಳವೇ ಒಂದು ದೊಡ್ಡ ಕತೆ, ಇನ್ನೊಮ್ಮೆ ಬರೆಯುತ್ತೇನೆ.

ಅಜ್ಜನಿಗೆ ಮೊದಲ ತಂಗೂಸು ಇಷ್ಟವಾಗಲಿಲ್ಲವಂತೆ. ಕಾರಣ ಗಂಟು. ನೂಲಿಗೆ ಹಾಕುತ್ತಿದ್ದ ಗಂಟು ತಂಗೂಸಿನಲ್ಲಿ ನಿಲ್ಲದೆ ಜಾರುತ್ತಿತ್ತು. ನೂಲು ಒರಟು, ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ತಂಗೂಸು ನುಣುಪು. ಇನ್ನೂ ನಾಲ್ಕು ಸುತ್ತು ಹೆಚ್ಚು ಹಾಕಿ, ಎಂಜಲು ಹಚ್ಚಿ ಬಿಗಿಯುವುದನ್ನು ಕಲಿಯಲು ಎಷ್ಟೋ ಮೀನು ಬಿಟ್ಟುಕೊಡಬೇಕಾಯಿತು. ಇಲ್ಲೂ ಒದ್ದೆ ಮಾಡಲೇಬೇಕು ನೋಡಿ, ಆದರೆ ಕಾರಣ ಬೇರೆ. ಒಣ ತಂಗೂಸನ್ನು ಬಿಗಿದರೆ ತಿಕ್ಕಾಟದ ಬಿಸಿಗೆ ಗಂಟಿನ ಜಾಗವೇ ಸೋಲುತ್ತದೆ. ಹಾಗೆ ನೋಡಿದರೆ ನೈಲಾನ್ ನೀರಿನಲ್ಲಿದ್ದಾಗ ಹತ್ತಿಯ ಹಾಗೆ ಗಟ್ಟಿಯಾಗುವುದಿಲ್ಲ, ಹತ್ತರಲ್ಲಿ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ.

“ಅದೆಂತಕೆ ಇಷ್ಟು ಸಪೂರದ್ದು ತಂದೆ?” ಅಂತ ಅಜ್ಜ ನನ್ನ ಬ್ರೇಡ್ ತೋರಿಸಿ ಕೇಳಿದ. ಸಪೂರವಾಗಿದ್ದರೂ ಒಂಬತ್ತು ಕಿಲೋ ತಡೆಯುತ್ತದೆ ಅಂದೆ. ಅಜ್ಜ ಬಲಗೈ ಚಾಚಿದ. ತೋರುಬೆರಳಿನ ಮಧ್ಯದ ಗೆಣ್ಣಿನಲ್ಲಿ ಒಂದು ಗೀರು, ಉಗುರು ಇಟ್ಟರೆ ಕೂರುವಷ್ಟು ಆಳ. ಅರವತ್ತು ವರ್ಷ ಕೈಗಾಳ ಎಳೆದದ್ದು.

ನನಗೆ ವಿಷಯ ಹೊಳೆದದ್ದು ಆಗ. ಕೈಗಾಳದವರು ದಾರದ ದಪ್ಪ ಆರಿಸುವುದು ಮೀನಿನ ತೂಕ ನೋಡಿ ಅಲ್ಲ, ಅಂಗೈ ನೋಡಿ. ಎರಡು ಕಿಲೋ ಮೀನಿಗೂ 0.80, 0.90 ಮಿಲಿಮೀಟರಿನ ತಂಗೂಸು, ಯಾಕೆಂದರೆ ಅದಕ್ಕಿಂತ ಸಪೂರವಾದದ್ದು ಬೆರಳು ಕೊಯ್ಯುತ್ತದೆ. ರಾಡ್, ರೀಲ್ ಬಂದ ಮೇಲೆ ದಾರಕ್ಕೆ ಅಂಗೈಯ ಹಂಗು ತಪ್ಪಿತು. ಎಳೆತವನ್ನು ರಾಡ್ ಬಾಗಿ ತಡೆಯುತ್ತದೆ, ರೀಲಿನ ಡ್ರ್ಯಾಗ್ ಜಾರಿ ಬಿಟ್ಟುಕೊಡುತ್ತದೆ. ಹಾಗಾಗಿ ದಾರ ಎಷ್ಟು ಬೇಕಾದರೂ ಸಪೂರವಾಗಬಹುದು. ಇಪ್ಪತ್ತು ಪೌಂಡಿನ ತಂಗೂಸು ಅರ್ಧ ಮಿಲಿಮೀಟರಿಗೆ ಹತ್ತಿರ, ಅಷ್ಟೇ ಬಲದ ಬ್ರೇಡ್ ಅದರ ಅರ್ಧ. ಸಪೂರವಾದಷ್ಟು ದೂರ ಹೋಗುತ್ತದೆ, ಹೊಳೆಯ ಸೆಳೆತ ಅದನ್ನು ಕಡಿಮೆ ತಳ್ಳುತ್ತದೆ. ನಾನು ಲೆಕ್ಕ ಹಾಕಿದ್ದು ಇಷ್ಟೇ. ಕಂಬದ ಸಿಂಪಿಯನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಇಂಟರ್ನೆಟ್ಟಿನಲ್ಲಿ ‘ಬಾಸ್’ ಅಂತ ಹುಡುಕಿದರೆ ಸಿಗುವುದೆಲ್ಲ ಅಮೆರಿಕದ ಕೆರೆ ಮೀನಿನ ವಿಚಾರ. ಅವರ ಬಾಸ್ ಬೇರೆ, ನಮ್ಮ ಕುರುಡೆ ಬೇರೆ. ಅವರಿಗೆ ತೊಂದರೆ ಕೊಡುವುದು ಕೆರೆಯ ಪಾಚಿ, ನಮಗೆ ಕಲ್ಲು, ಸಿಂಪಿ, ಕಾಂಡ್ಲಾ ಬೇರು. ನನ್ನ ಹಾಗೆ ಓದಿ ಕೊಂಡು ಪೆಟ್ಟು ತಿನ್ನುವವರಿಗಾಗಿ, ಅಜ್ಜನ ಮಾತು ಮತ್ತು ನನ್ನ ಪುಸ್ತಕದ ಬದನೆಕಾಯಿ ಸೇರಿಸಿ ಹೇಳುತ್ತೇನೆ.

ಲ್ಯೂರ್ ಎಸೆಯುವ ಏಳೆಂಟಡಿ ರಾಡಿಗೆ ಬ್ರೇಡೇ ಸರಿ, ಅದು ಹಿಗ್ಗುವುದೇ ಇಲ್ಲ ಅನ್ನಬಹುದು, ಮೀನು ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಆದರೆ ತುದಿಗೆ ಒಂದೆರಡು ಮೀಟರ್ ನಲವತ್ತು ಪೌಂಡಿನ ದಪ್ಪ ಲೀಡರ್ ಇರಲೇಬೇಕು, ಸಿಂಪಿಗೂ ಕಿವಿರಿನ ಬ್ಲೇಡಿಗೂ. ನಾನು ಬಿಟ್ಟದ್ದು ಅದನ್ನೇ. ಲೀಡರ್ ನೈಲಾನಿನದೋ ಫ್ಲೋರೋಕಾರ್ಬನ್ನಿನದೋ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ನೀರಿಗೆ ಹೋಲಿಸಿದರೆ ಬ್ರೇಡಿನ ಸಾಂದ್ರತೆ 0.97, ಅಂದರೆ ತೇಲುತ್ತದೆ. ನೈಲಾನ್ 1.14, ನಿಧಾನ ಮುಳುಗುತ್ತದೆ. ಫ್ಲೋರೋಕಾರ್ಬನ್ 1.78, ನೇರ ತಳಕ್ಕೆ. ನೀರಿನ ಮೇಲೆ ಕುಣಿಯುವ ಲ್ಯೂರಿಗೆ ಫ್ಲೋರೋ ಕಟ್ಟಿದರೆ ಅದು ಮೂತಿಯನ್ನು ಕೆಳಗೆ ಜಗ್ಗುತ್ತದೆ, ಅಲ್ಲಿ ನೈಲಾನ್ ಸಾಕು. ಫ್ಲೋರೋ ನೀರಲ್ಲಿ ಕಾಣುವುದಿಲ್ಲ ಅಂತ ಮಾರುತ್ತಾರೆ. ಬೆಳಕು ಬಾಗುವ ಪ್ರಮಾಣ ನೀರಿಗೆ 1.33, ಫ್ಲೋರೋಗೆ 1.42, ನೈಲಾನಿಗೆ 1.53ರ ಆಸುಪಾಸು, ಹಾಗಾಗಿ ಸುಳ್ಳೇನಲ್ಲ. ಆದರೆ ಮಳೆಗಾಲದ ಕೆಂಪು ಹೊಳೆಯಲ್ಲಿ ಹಗ್ಗ ಬಿಟ್ಟರೂ ಕಾಣುವುದಿಲ್ಲ, ದುಡ್ಡು ಉಳಿಸಿ.

ಕುಮಟೆಯ ಅಘನಾಶಿನಿ ಬೇರೆ ಥರದ ಹೊಳೆ. ಶಿರಸಿಯಿಂದ ಕಡಲಿನವರೆಗೆ ಒಂದು ಅಣೆಕಟ್ಟೂ ಇಲ್ಲ, ಹಾಗಾಗಿ ಉಪ್ಪು-ಸಿಹಿ ನೀರಿನ ಏರಿಳಿತ ಇನ್ನೂ ಹಳೆಯ ಕ್ರಮದಲ್ಲೇ ಇದೆ. 2024ರಲ್ಲಿ ಅದರ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. 1964ರ ಲಿಂಗನಮಕ್ಕಿಯ ನಂತರ ನಮ್ಮ ಶರಾವತಿಗೆ ಆ ಭಾಗ್ಯ ಇಲ್ಲ, ವಿದ್ಯುತ್ತಿಗೆ ಬಿಟ್ಟ ಸಿಹಿನೀರು ವರ್ಷವಿಡೀ ಬರುತ್ತಿರುತ್ತದೆ. ಅಘನಾಶಿನಿಯ ಗಜನಿಗಳ ಅಂಚಿನಲ್ಲಿ ಜೀವಂತ ಶೆಟ್ಲಿ ಕಟ್ಟಿ ಕಾಯುವವರಿಗೆ ಮೆತ್ತನೆ ರಾಡು, ತಂಗೂಸೇ ಸರಿ. ತಂಗೂಸು ಕಾಲು ಪಾಲಿನಷ್ಟು ಹಿಗ್ಗುತ್ತದೆ, ಮೀನು ಶೆಟ್ಲಿಯನ್ನು ಪೂರ್ತಿ ಬಾಯಿಗೆ ತಗೊಳ್ಳುವವರೆಗೆ ಅನುಮಾನ ಬರುವುದಿಲ್ಲ. ಭಟ್ಕಳದ ಕಡೆ, ಮುರ್ಡೇಶ್ವರದಾಚೆ ನೇತ್ರಾಣಿಯಂಥ ಕಲ್ಲಿನ ಜಾಗದ ಮೀನುಗಳಿಗಾದರೆ ನಾಜೂಕಿನ ಮಾತೇ ಇಲ್ಲ. ಗಾಳ ಕಚ್ಚಿದ ಮೀನು ಕಲ್ಲಿನ ಪೊಟರೆಗೆ ನುಗ್ಗುತ್ತದೆ. ಗಿಡ್ಡ ಬಿರುಸು ರಾಡು, ಎಂಬತ್ತು ಪೌಂಡಿನ ದಾರ, ಮೊದಲ ಐದು ಸೆಕೆಂಡಿನಲ್ಲಿ ಎಳೆದರೆ ಎಳೆದಂತೆ. ಅಥವಾ ಅಜ್ಜನ ಹಾಗೆ ಬರಿಗೈ.

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಅಜ್ಜ ನನ್ನನ್ನು ಎಬ್ಬಿಸಿದ. “ಹೊಳೇಲಿ ದಾರ ಬಿಟ್ಟು ಬಂದೀಯಲ, ತೆಗೂಕೆ ಹೋಪ ನಡಿ.” ಹೋದ ಮೀನಿನ ಬಗ್ಗೆ ಚಕಾರ ಇಲ್ಲ. ದಾರದ ಚಿಂತೆ. ಅಜ್ಜನ ಹುಡುಗುತನದಲ್ಲಿ ನೂಲು ಹರಿದು ಹೊಳೆಗೆ ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಕೆಲವು ತಿಂಗಳಲ್ಲಿ ಅದು ಹೊಳೆಯೇ ಆಗುತ್ತಿತ್ತು. ಮನೆಯವರೆಲ್ಲ ಹಂಡೆಯಲ್ಲಿ ಕುದಿಸಿ ಕುದಿಸಿ ತಪ್ಪಿಸಲು ನೋಡುತ್ತಿದ್ದದ್ದು ಅದನ್ನೇ. ತಂಗೂಸು ಹಾಗಲ್ಲ. ನೀರಿನಲ್ಲಿ ಅದು ಕರಗಲು 600 ವರ್ಷ ಅನ್ನುವುದು ಅಮೆರಿಕದವರು ಹೇಳುವ ಅಂದಾಜು. ಎರಡು ವರ್ಷದ ಹಿಂದೆ ಕಾಂಡ್ಲಾ ಕೊಂಬೆಯಲ್ಲಿ ರೆಕ್ಕೆಗೆ ತಂಗೂಸು ಸುತ್ತಿಕೊಂಡು ನೇತಾಡುತ್ತಿದ್ದ ನೀರುಕಾಗೆಯನ್ನು ಅಜ್ಜನೇ ಬಿಡಿಸಿದ್ದನಂತೆ, ಬದುಕಲಿಲ್ಲ.

ಪಕ್ಕದ ಮನೆಯವರ ಪಾತಿ ತಗೊಂಡು ಹೋದೆವು. ನೀರು ಇಳಿದು ಕಂಬದ ಬುಡ ಕಾಣುತ್ತಿತ್ತು. ನನ್ನ ಹಸಿರು ಬ್ರೇಡ್ ಸಿಂಪಿಗಳ ನಡುವೆ ಎರಡು ಸುತ್ತು ಹಾಕಿಕೊಂಡು ಅಲ್ಲೇ ಇತ್ತು. ಅದರ ಕೆಳಗೆ ಬಿಳಿ ತಂಗೂಸು, ಅದರ ಕೆಳಗೆ ನೀಲಿ, ತುಕ್ಕು ಹಿಡಿದ ಮೂರು ಗಾಳ, ಬಲೆಯ ಒಂದು ಚೂರು. ಎಷ್ಟು ವರ್ಷದ್ದೋ, ಎಳೆದರೆ ಒಂದೂ ಹರಿಯಲಿಲ್ಲ. ಅಜ್ಜ ಕತ್ತಿಯಲ್ಲಿ ಒಂದೊಂದೇ ಕೊಯ್ದು ಚೀಲಕ್ಕೆ ತುಂಬಿದ. ಸಿಂಪಿ ತಾಗಿ ನನ್ನ ಎರಡು ಬೆರಳು ಕೊಯ್ದವು. ಬ್ರೇಡಿನ ಆಚೆ ತುದಿ ಸಿಕ್ಕಿತು, ನೇರವಾಗಿ ಕೊಯ್ದ ಹಾಗಿತ್ತು. ಲ್ಯೂರ್ ಇರಲಿಲ್ಲ.

“ಅದು ಮೀನು ಹರದ್ದು” ಅಂದ ಅಜ್ಜ.

ಶಿವರಾತ್ರಿಗೆ ಮತ್ತೆ ಹೋಗುವವನಿದ್ದೇನೆ. ನಿನ್ನೆ ಫೋನ್ ಮಾಡಿದಾಗ ಅಜ್ಜ ಒಂದು ಸುತ್ತು 0.90 ತಂಗೂಸು ತಕಂಡು ಬಾ ಅಂದಿದ್ದಾನೆ. ನಿಮ್ಮೂರಿನ ಕಡೆ ತಂಗೂಸಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.